ಚನ್ನಗಿರಿಯ ಫೈಲನ್ನು ಜಗಳೂರಿಗೆ ಸಾಗಿಸಿದ್ದು

ಮೊದಲು ಖರ್ಚು ಹೇಳಿಬಿಡುತ್ತೇನೆ. ಎರಡು ಗೋಣಿಚೀಲ ರಬ್ಬರ್ ವಾಷರ್, ಒಂದು ಕಟ್ಟು ಖಡಕ್ ರೊಟ್ಟಿ, ಭಾಮೈದನ ಹೆಂಡತಿಯ ಹೊಲಿಗೆ ಕತ್ತರಿಯ ಮೊನೆ, ಮತ್ತು ಮನೆಯಲ್ಲಿ ನನ್ನ ಮಾತಿಗಿದ್ದ ತೂಕ. ಇಷ್ಟೂ ಹೋದದ್ದು ಯಾತಕ್ಕೆ ಎಂದರೆ, ಒಂದು ಕಂಪ್ಯೂಟರಿನಲ್ಲಿದ್ದ ಫೈಲನ್ನು ಇನ್ನೊಂದು ಕಂಪ್ಯೂಟರಿಗೆ ಕಾಪಿ ಮಾಡುವುದಕ್ಕೆ. ಈಗಿನವರು ಕೇಳಿದರೆ ನಗುತ್ತಾರೆ. ಆಗಿನವರೂ ನಕ್ಕಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಚನ್ನಗಿರಿಯಲ್ಲಿ ನನ್ನದು ನೀರೆತ್ತುವ ಪಂಪಿನ ಅಂಗಡಿ. ಸೈಕಲ್ ಮೇಲೆ ನಟ್ಟು ಬೋಲ್ಟು ಮಾರುತ್ತ ಶುರು ಮಾಡಿದವನು, ಯಾರ ಕೈಕಾಲೂ ಹಿಡಿಯದೆ ಅಂಗಡಿ ಕಟ್ಟಿದವನು. ಹಾಗಾಗಿ ಯಾರು ಕೇಳಲಿ ಬಿಡಲಿ, ಬುದ್ಧಿ ಹೇಳುವ ಹಕ್ಕು ನನಗಿದೆ ಎಂದು ನಂಬಿದ್ದೆ. ನನ್ನ ಬುದ್ಧಿವಾದವನ್ನು ಪೂರ್ತಿ ಪಾಲಿಸಿದವನು ಜಗತ್ತಿನಲ್ಲಿ ಒಬ್ಬನೇ. ಹೆಂಡತಿ ಗೌರಮ್ಮನ ತಮ್ಮ ಚನ್ನಬಸು. ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ನೆಮ್ಮದಿಯಾಗಿ ಗುಮಾಸ್ತಿಕೆ ಮಾಡಿಕೊಂಡಿದ್ದ. "ಸಂಬಳದಾಗೆ ಏನೈತೋ, ಬಿಟ್ಟು ಬಾ" ಎಂದೆ. ಬಿಟ್ಟು ಬಂದ. ಜಗಳೂರಿನಲ್ಲಿ ಅವನಿಗೂ ಒಂದು ಪಂಪಿನ ಅಂಗಡಿ ಹಾಕಿಸಿದೆ.

ಪಂಪಿನ ಕಂಪನಿಯವರು ಆ ವರ್ಷ ಹೊಸ ನಿಯಮ ತಂದರು. ನಮ್ಮಲ್ಲಿ ಪಂಪು ಕೊಂಡ ರೈತರ ಹೆಸರೆಲ್ಲ ಕಂಪ್ಯೂಟರಿನಲ್ಲಿರಬೇಕು. ಚನ್ನಗಿರಿಯಲ್ಲಿ ಕೊಂಡವನು ಜಗಳೂರಿಗೆ ಹೋದರೂ ಅಲ್ಲಿ ಅವನ ಹೆಸರು ಸಿಗಬೇಕು, ರಿಪೇರಿ ಆಗಬೇಕು. ದೀಪಾವಳಿ ಕಳೆದ ಮೇಲೆ ಅಧಿಕಾರಿ ಜಗಳೂರಿಗೆ ಬಂದು ನೋಡುತ್ತಾರೆ. ಇದ್ದರೆ ಚನ್ನಬಸುವಿಗೆ ಏಜೆನ್ಸಿ. ಇಲ್ಲದಿದ್ದರೆ ಬೇರೆಯವರ ಪಾಲು.

"ಅಕ್ಕಾ, ಏಜೆನ್ಸಿ ತಪ್ಪಿದ್ರೆ ನಾನು ಮತ್ತೆ ಗಿರಣಿ ಬಾಗಿಲಿಗೆ ಹೋಗಿ ನಿಲ್ಲಬೇಕು" ಎಂದು ಚನ್ನಬಸು ಅವಳ ಮುಂದೆ ಹೇಳಿದ. ಗೌರಮ್ಮ ನನ್ನ ಮುಖ ನೋಡಿದಳು. ನಾನು ಮೀಸೆ ತಿರುವಿದೆ.

"ಕಂಪ್ಯೂಟರ್ ತರೋದು ನನಗೆ ಬಿಡ್ರಿ."

ಎತ್ತಿನ ಸಂತೆಯಲ್ಲಿ ಓಡಾಡಿದವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಜೋಡಿ ಎತ್ತು ಎಂದರೆ ಮಾಲೀಕ ಕೊಂಬಿಗೊಂದು, ಬಾಲಕ್ಕೊಂದು ಬೆಲೆ ಹೇಳುತ್ತಾನೆ. ಜೊತೆಯದು ಸತ್ತು ಉಳಿದ ಒಂಟಿ ಎತ್ತು ಅಗ್ಗಕ್ಕೆ ಸಿಗುತ್ತದೆ. ಅಲ್ಲೊಂದು ಒಂಟಿ, ಇಲ್ಲೊಂದು ಒಂಟಿ ಹಿಡಿದು ತಂದು ನೊಗ ಹೇರಿದರೆ, ನಾಲ್ಕು ದಿನ ಗುದ್ದಾಡುತ್ತವೆ, ಐದನೆಯ ದಿನ ಜೋಡಿಯಾಗುತ್ತವೆ. ಈ ಶಾಸ್ತ್ರವನ್ನೇ ಕಂಪ್ಯೂಟರಿಗೂ ಅನ್ವಯಿಸಿದೆ. ಒಂದನ್ನು ದಾವಣಗೆರೆಯಲ್ಲಿ ಬಾಗಿಲು ಹಾಕುತ್ತಿದ್ದ ಟೈಪಿಂಗ್ ಶಾಲೆಯಿಂದ ತಂದೆ. ಇನ್ನೊಂದನ್ನು ಶಿವಮೊಗ್ಗದ ಒಬ್ಬ ಪ್ರೆಸ್ಸಿನವರಿಂದ ತಂದೆ. ಪ್ರೆಸ್ಸಿನವರು ಒಂದು ಪ್ರಶ್ನೆ ಕೇಳಿದ್ದು ನಿಜ.

"ನಿಮ್ಮ ಇನ್ನೊಂದು ಮಿಷನ್ನಿಗೆ ಯಾವ ಸೈಜಿನ ಫ್ಲಾಪಿ ಹಾಕ್ತೀರಿ?"

ಬೆಲೆ ಏರಿಸಲು ಹೂಡಿದ ಉಪಾಯ ಎಂದು ತಕ್ಷಣ ಹೊಳೆಯಿತು. "ಸೈಜು ನೋಡಿ ಕೊಳ್ಳಾಕೆ ಇದೇನು ಚಪ್ಪಲೀನೇನ್ರಿ?" ಎಂದೆ. ಅವರು ದುಡ್ಡು ಎಣಿಸಿಕೊಂಡರು. ಗೆದ್ದೆ ಅಂದುಕೊಂಡೆ.

ದಾವಣಗೆರೆಯದು ಚನ್ನಗಿರಿಯಲ್ಲಿ ಕೂತಿತು. ಶಿವಮೊಗ್ಗದ್ದು ಜಗಳೂರಿಗೆ ಹೋಯಿತು. ಜಗಳೂರಿನ ಮಿಷನ್ನಿಗೆ ಪೂಜೆ ಮಾಡಿದ ದಿನ, ಚನ್ನಗಿರಿಯ ಫೈಲಿಗೆ ಇಟ್ಟಿದ್ದ ಹೆಸರಿನಲ್ಲೇ ಅಲ್ಲಿಯೂ ಒಂದು ಫೈಲು ತೆರೆಸಿ, ಶುಭಾರಂಭಕ್ಕೆಂದು ನನ್ನ ಹೆಸರನ್ನೇ ಮೊದಲನೆಯದಾಗಿ ಹೊಡೆಸಿದೆ. ಸಿದ್ದಲಿಂಗಪ್ಪ, ಚನ್ನಗಿರಿ, ಪಂಪು ಒಂದು.

ಚನ್ನಗಿರಿಯಲ್ಲಿ ಕೆಲಸ ಮಾಡಿದವಳು ಗೌರಮ್ಮ. ಮದುವೆಗೆ ಮುಂಚೆ ಟೈಪಿಂಗ್ ಕಲಿತಿದ್ದಳು. ಮಧ್ಯಾಹ್ನ ಮಧ್ಯಾಹ್ನ ಕೂತು ರೈತರ ಹೆಸರನ್ನೆಲ್ಲ ಅದರಲ್ಲಿ ತುಂಬಿ ಮುಗಿಸಿದಳು. ಮುಗಿದ ದಿನವೇ ನಾನು ಹಳೆಯ ಬಿಲ್ ಪುಸ್ತಕಗಳನ್ನೆಲ್ಲ ಮಂಡಕ್ಕಿ ಅಂಗಡಿಗೆ ತೂಕಕ್ಕೆ ಹಾಕಿದೆ. ಒಳ್ಳೆ ರೇಟಿಗೆ ಹೋದವು. ಆ ರೇಟನ್ನು ಈಗಲೂ ಯಾರೂ ಕೊಡುವುದಿಲ್ಲ.

ಇನ್ನು ಉಳಿದದ್ದು ಕಾಪಿ. ಗೌರಮ್ಮ ಫೈಲನ್ನು ಎರಡು ಫ್ಲಾಪಿಗೆ ಹಾಕಿಕೊಟ್ಟಳು. ಅಂಗೈಗಿಂತ ದೊಡ್ಡದಾದ, ಚೌಕನೆಯ, ಕಪ್ಪಗಿನ ತೆಳು ವಸ್ತು. "ಒಂದು ಹಾಳಾದ್ರೆ ಇನ್ನೊಂದು ಇರ್ಲಿ. ಮಡಚಬ್ಯಾಡ್ರಿ, ಬಗ್ಗಿಸಬ್ಯಾಡ್ರಿ" ಎಂದಳು.

ಬಸ್ಸಿನಲ್ಲಿ ಬಗ್ಗದಂತೆ ಒಯ್ಯುವುದು ಹೇಗೆ? ರಟ್ಟು ಕೊಳ್ಳಬೇಕು. ರಟ್ಟಿಗೆ ದುಡ್ಡು. ಕಣ್ಣೆದುರಿಗೆ ಬುತ್ತಿ ಇತ್ತು. ಖಡಕ್ ಜೋಳದ ರೊಟ್ಟಿಗಿಂತ ಗಟ್ಟಿ ರಟ್ಟು ನಮ್ಮ ಸೀಮೆಯಲ್ಲಿ ಯಾವುದಿದೆ? ಮೇಲೆ ನಾಲ್ಕು ರೊಟ್ಟಿ, ಕೆಳಗೆ ನಾಲ್ಕು ರೊಟ್ಟಿ, ನಡುವೆ ಫ್ಲಾಪಿ ಇಟ್ಟು ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಹಾಕಿದೆ. ದಾರಿಯಲ್ಲಿ ಹಸಿವಾಯಿತು. ಮೇಲಿನವನ್ನು ಒಂದೊಂದೇ ತೆಗೆದು ತಿಂದೆ. ಪಕ್ಕದಲ್ಲಿ ಕೂತಿದ್ದ ಸಾಸ್ವೆಹಳ್ಳಿಯ ಅಜ್ಜಿ ಗಂಟಿನೊಳಗೆ ಇಣುಕಿತು.

"ಯಪ್ಪಾ, ಆ ರೊಟ್ಟಿ ಸೀದೈತಲ್ಲ."

"ಅದು ರೊಟ್ಟಿ ಅಲ್ಲಜ್ಜಿ. ಅದ್ರಾಗೆ ಇಡೀ ಚನ್ನಗಿರಿ ತಾಲ್ಲೂಕೇ ಐತೆ."

ಅಜ್ಜಿ ಸ್ವಲ್ಪ ದೂರ ಸರಿದು ಕೂತಿತು.

ಜಗಳೂರಿಗೆ ಹೋಗಿ ಫ್ಲಾಪಿಯ ಮೇಲಿನ ಜೋಳದ ಹಿಟ್ಟನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಕಂಪ್ಯೂಟರಿನ ಕಿಂಡಿಗೆ ಹಿಡಿದೆ. ಕಿಂಡಿ ಸಣ್ಣದು. ಫ್ಲಾಪಿ ದೊಡ್ಡದು. ಅಡ್ಡ ಹಿಡಿದೆ. ಚೌಕ ವಸ್ತು ಅಡ್ಡ ಹಿಡಿದರೂ ಅಷ್ಟೇ ಎಂದು ಚನ್ನಬಸು ಮೆಲ್ಲಗೆ ಹೇಳಿದ.

"ಭಾವ, ಇದಕ್ಕೆ ಹೋಗೋದು ಸಣ್ಣ ಸೈಜಿಂದು. ಬ್ಯಾರೆ ಜಾತಿ ಮಿಷನ್ನು ಇದು."

ಆಗ ನಾನು ಸುಮ್ಮನೆ ವಾಪಸು ಬರಬೇಕಿತ್ತು. ಆದರೆ ಬರಿಗೈಯಲ್ಲಿ ಬಸ್ ಚಾರ್ಜು ಕೊಟ್ಟು ಬರುವವನು ವ್ಯಾಪಾರಿಯೇ? ಯೋಚಿಸಿದೆ. ಹೊರಗಿನದು ಬರೀ ಹೊದಿಕೆ. ಅದನ್ನು ಬಿಚ್ಚಿದರೆ ಒಳಗೆ ದುಂಡನೆಯ ಹಾಳೆ, ತೆಳ್ಳನೆಯ ದೋಸೆಯಂಥದ್ದು. ದೋಸೆಯ ಸತ್ವ ಇರುವುದು ನಡುವೆ. ಅಂಚಿನಲ್ಲಿ ಏನಿರುತ್ತದೆ, ಗರಿ ಮಾತ್ರ. ಅಂಚು ಕತ್ತರಿಸಿದರೆ ನಷ್ಟವಿಲ್ಲ. ಚನ್ನಬಸುವಿನ ಹೆಂಡತಿಯ ಹೊಲಿಗೆ ಕತ್ತರಿ ತರಿಸಿದೆ. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಅಣ್ಣಾ, ಅಕ್ಕನ್ನ ಒಂದು ಮಾತು ಕೇಳಿ ಕತ್ತರಿಸಬಹುದಿತ್ತೇನೋ?"

"ಅವಳಿಗೇನು ಗೊತ್ತಮ್ಮಾ ಮಿಷನ್ನಿನ ವಿಚಾರ."

ಮೊದಲನೆಯದು ಸೊಟ್ಟಗಾಯಿತು. ಎರಡನೆಯದರಲ್ಲಿ ಕೈ ಪಳಗಿತ್ತು. ದುಂಡಗೆ, ಅಚ್ಚುಕಟ್ಟಾಗಿ ಕತ್ತರಿಸಿ ಕಿಂಡಿಯೊಳಗೆ ತಳ್ಳಿದೆ. ಸರ್ರನೆ ಒಳಗೆ ಹೋಯಿತು. "ನೋಡಿದ್ಯಾ?" ಎಂದೆ. ಒಳಗಿನಿಂದ ಬೀಸೋಕಲ್ಲಿನಲ್ಲಿ ಮರಳು ಸಿಕ್ಕಿದಂಥ ಸದ್ದು ಬಂತು. ಆಮೇಲೆ ಸದ್ದೂ ನಿಂತಿತು. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಕತ್ತರಿಯ ಮೊನೆಯಿಂದ ಎಳೆಯಲು ಹೋದೆ. ಮೊನೆಯೂ ಒಳಗೇ ಉಳಿಯಿತು.

ಮಿಷನ್ನನ್ನೇ ಚನ್ನಗಿರಿಗೆ ತಂದೆವು. ಚನ್ನಬಸು ಅದನ್ನು ಕೌದಿಯಲ್ಲಿ ಸುತ್ತಿ ಬಾಣಂತಿ ಮಗುವನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಲಗೇಜು ಚಾರ್ಜು ಕೊಡಬೇಕು ಎಂದು ಕಂಡಕ್ಟರ್ ನಿಂತ. ತೊಡೆ ಮೇಲಿರುವುದು ಲಗೇಜಲ್ಲ ಎಂದು ನಾನು ವಾದ ಮಾಡಿದೆ.

"ತೊಡೆ ಮ್ಯಾಗೆ ಕುಂತಿದ್ದಕ್ಕೆ ಅರ್ಧ ಟಿಕೀಟು. ವಯಸ್ಸೆಷ್ಟು ಹೇಳ್ರಿ" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಕೊಟ್ಟೆ.

ನಮ್ಮೂರಲ್ಲಿ ಟಿವಿ ರಿಪೇರಿ ಮಾಡುವ ರುದ್ರೇಶಿ ಇದ್ದ. ಕಂಪ್ಯೂಟರೂ ಬರುತ್ತದೆ ಎಂದು ಅವನೇ ಊರಿಗೆಲ್ಲ ಹೇಳಿಕೊಂಡಿದ್ದ. ಚಿಮಟದಿಂದ ಕಿಂಡಿಯೊಳಗಿನ ಚೂರುಗಳನ್ನು ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಗೌರಮ್ಮ ಅವನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಇದು ಯಾವುದು, ಮೊದಲನೆಯದಾ ಎರಡನೆಯದಾ?" ಎಂದು ಕೇಳಿದಳು.

"ಎರಡನೆಯದು."

"ಮೊದಲನೆಯದು?"

"ಅದು ಅಭ್ಯಾಸಕ್ಕೆ ಹೋಯ್ತು."

ರುದ್ರೇಶಿ ದಾರಿ ಹೇಳಿದ. "ದಾವಣಗೆರೆಯಾಗೆ ಎರಡೂ ಕಿಂಡಿ ಇರೋ ಮಿಷನ್ ಐತೆ. ಒಂದು ತಾಸು ಬಾಡಿಗೆ ಕೊಟ್ರೆ ದೊಡ್ಡದರಿಂದ ಸಣ್ಣದಕ್ಕೆ ಇಳಿಸಿ ಕೊಡ್ತಾರೆ."

"ಎರಡು ಕಂಪ್ಯೂಟರ್ ಮನೆಯಾಗಿಟ್ಕೊಂಡು ಮೂರನೇದಕ್ಕೆ ಬಾಡಿಗೆ ಕೊಡ್ಲಾ? ಬ್ಯಾರೆ ಹೇಳಪ್ಪ."

"ಹಂಗಾದ್ರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ತಂತಿ ಕಟ್ಟಬೇಕು. ಕಾಪಿ ಮಾಡೋ ಪ್ರೋಗ್ರಾಂ ನಾನು ಎರಡರಾಗೂ ಹಾಕಿಕೊಡ್ತೀನಿ."

ತಂತಿ ಎರಡು ತರದ್ದು ತೋರಿಸಿದ. ಉದ್ದ ಒಂದೇ, ತುದಿಯ ಪಿನ್ನು ಒಂದೇ, ಬಣ್ಣ ಒಂದೇ. ಒಂದಕ್ಕೆ ದುಪ್ಪಟ್ಟು ಬೆಲೆ.

"ಇದಕ್ಕೆ ಯಾಕಪ್ಪ ಹೆಚ್ಚು?"

"ಇದರೊಳಗೆ ತಂತಿ ಅಡ್ಡ ಹೋಗೈತೆ. ಅದು ನೆಟ್ಟಗೆ ಹೋಗೈತೆ. ನಿಮಗೆ ಅಡ್ಡದ್ದೇ ಬೇಕು."

"ಅದು ಅಡ್ಡ ಹೋದ್ರೆ ನಾನ್ಯಾಕೆ ದುಡ್ಡು ಕೊಡ್ಲಿ? ನೆಟ್ಟಗಿರೋದೇ ಕೊಡು."

ನೆಟ್ಟಗಿನ ತಂತಿ ಕಟ್ಟಿದೆವು. ಎರಡೂ ಮಿಷನ್ನಿನಲ್ಲಿ ದೀಪ ಮಿಣುಕಿತು. ಕಾದೆವು. ಕಾಫಿ ಕುಡಿದೆವು. ಮತ್ತೆ ಕಾದೆವು. ಏನೂ ಆಗಲಿಲ್ಲ. ರುದ್ರೇಶಿಯನ್ನು ಮತ್ತೆ ಕರೆಸಿದೆ. ಬಾಗಿಲಲ್ಲಿ ನಿಂತೇ ನಕ್ಕ.

"ನೀವು ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿಸೀರಿ. ಎರಡೂ ಮಾತಾಡ್ತವೆ, ಒಂದೂ ಕೇಳಿಸ್ಕಳಲ್ಲ. ಇದರ ಬಾಯಿ ಅದರ ಕಿವಿಗೆ ಹೋಗಬೇಕು. ಅದಕ್ಕೇ ಅಡ್ಡ ತಂತಿ ತಗಳ್ರಿ ಅಂದಿದ್ದು."

ಒಳಗಿನಿಂದ ಗೌರಮ್ಮನ ದನಿ ಬಂತು. "ನಮ್ಮನೆ ಸಮಾಚಾರ ನಿನಗ್ಯಾರು ಹೇಳಿದ್ರೋ ರುದ್ರೇಶಿ?"

ಅಡ್ಡ ತಂತಿಯನ್ನು ಮತ್ತೆ ಕೊಳ್ಳಬೇಕೇ? ಅಗತ್ಯವಿಲ್ಲ. ಮೂರು ಫೇಸಿನ ಮೋಟರು ಉಲ್ಟಾ ತಿರುಗಿದರೆ ಏನು ಮಾಡಬೇಕೆಂದು ಪಂಪಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಾವುದಾದರೂ ಎರಡು ತಂತಿ ಬಿಚ್ಚಿ ಅದಲು ಬದಲು ಮಾಡಿದರೆ ನೆಟ್ಟಗೆ ತಿರುಗುತ್ತದೆ. ನಾನು ತಂತಿಯನ್ನು ನಡುವೆ ಸೀಳಿ, ಬಾಯಿಯದನ್ನು ಕಿವಿಗೂ ಕಿವಿಯದನ್ನು ಬಾಯಿಗೂ ಹೊಸೆದು ಟೇಪು ಸುತ್ತಿದೆ. ಸ್ವಿಚ್ಚು ಹಾಕಿದೆ. ಎರಡೂ ಪರದೆಯ ಮೇಲೆ ಒಂದೇ ಸಲ ಅಕ್ಷರ ಮೂಡಿದವು. ಸಂಬಂಧ ಕುದುರಿತ್ತು.

ಈ ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಅದನ್ನು ಮಾಡದೇ ಇದ್ದಿದ್ದರೆ ಒಳ್ಳೆಯದಿತ್ತು.

ಚನ್ನಗಿರಿಯ ಮಿಷನ್ನಿನ ಮುಂದೆ ನಾನು ಕೂತಿದ್ದೆ. ಪರದೆ ಕೇಳಿತು: ಕೊಡುವುದೋ, ತೆಗೆದುಕೊಳ್ಳುವುದೋ? ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನಿಗೆ ಇದೂ ಒಂದು ಪ್ರಶ್ನೆಯೇ? ಮೊದಲು ತೆಗೆದುಕೊಳ್ಳಬೇಕು, ಆಮೇಲೆ ಕೊಡಬೇಕು. ಮೊದಲು ಕೊಟ್ಟು ಕೆಟ್ಟವರನ್ನು ನಾನು ಎಷ್ಟು ನೋಡಿಲ್ಲ! ತೆಗೆದುಕೊಳ್ಳುವುದು ಎಂದು ಒತ್ತಿದೆ. ಪರದೆ ಮತ್ತೊಂದು ಕೇಳಿತು: ಇದೇ ಹೆಸರಿನ ಫೈಲು ಇಲ್ಲಿ ಮೊದಲೇ ಇದೆ, ಅದರ ಮೇಲೆಯೇ ಬರೆಯಲೇ?

ಗೌರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ತಡೀರಿ, ಅದೇನೋ ಕೇಳ್ತೈತೆ."

"ಮಿಷನ್ನಿಗೆ ಧೈರ್ಯ ಇಲ್ಲ, ಅದಕ್ಕೇ ಕೇಳ್ತೈತೆ. ನನಗೈತೆ" ಎಂದೆ. ಒತ್ತಿದೆ.

ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಮುಗಿಯಿತು. ಇಷ್ಟು ಬೇಗ ಮುಗಿದದ್ದಕ್ಕೆ ನನಗೆ ಹೆಮ್ಮೆಯಾಯಿತು. ಚನ್ನಬಸು ತನ್ನ ಮಿಷನ್ನಿನಲ್ಲಿ ಫೈಲು ತೆರೆದ. ಗೌರಮ್ಮ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಇಲ್ಲಿಯದನ್ನು ತೆರೆದಳು. ಎರಡರಲ್ಲೂ ಒಂದೇ ಪಟ್ಟಿ ಇತ್ತು. ಕಂಪನಿಯವರು ಕೇಳಿದ್ದು ಅದನ್ನೇ. ಒಂದಕ್ಷರವೂ ವ್ಯತ್ಯಾಸವಿರಲಿಲ್ಲ.

ಸಿದ್ದಲಿಂಗಪ್ಪ, ಚನ್ನಗಿರಿ, ಪಂಪು ಒಂದು.

ಎರಡು ತಾಲ್ಲೂಕು, ಎರಡು ಅಂಗಡಿ, ಎರಡು ಕಂಪ್ಯೂಟರ್. ಗಿರಾಕಿ ನಾನೊಬ್ಬನೇ.

ಚನ್ನಬಸು ಕೌದಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ. "ಭಾವ, ಹೊನ್ನಾಳಿಗೆ ಬೆಳಗಿನ ಬಸ್ಸು ಎಷ್ಟೊತ್ತಿಗೈತೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪ್ರಶ್ನೆ ಎದೆಗೆ ನಾಟಿತು. ಓಡಿ ಮಂಡಕ್ಕಿ ಅಂಗಡಿಗೆ ಹೋದೆ. ಬಿಲ್ ಪುಸ್ತಕಗಳೆಲ್ಲ ಪೊಟ್ಟಣವಾಗಿ ಖಾರ ಮಂಡಕ್ಕಿಯೊಂದಿಗೆ ಊರೂರಿಗೆ ಹೋಗಿಯಾಗಿತ್ತು. ಬರಿಗೈಯಲ್ಲಿ ಬಂದೆ. ಗೌರಮ್ಮ ತಮ್ಮನಿಗೆ ಊಟಕ್ಕೆ ಬಡಿಸುತ್ತಿದ್ದಳು.

"ನಾಳೆ ಸಂತೇಬೆನ್ನೂರು ಸಂತೆ" ಎಂದಳು. "ಪಂಪು ತಗಂಡ ರೈತರೆಲ್ಲ ಸಂತೆಗೆ ಬರ್ತಾರಲ್ಲ. ಹೆಸರು ಅವರ ಬಾಯಾಗೇ ಐತೆ. ಹೋಗಿ ಕೇಳ್ಕಂಡು ಬರಾಣ ನಡೀರಿ."

ಬಾಡಿಗೆ ಟೆಂಪೋ, ಅದರ ಮೇಲೆ ಮೈಕು. ಚನ್ನಬಸು ಬರೆಯಲು ಕೂತ. ಗೌರಮ್ಮ ಪಕ್ಕದಲ್ಲಿ. ನಾನು ಮೈಕು ಹಿಡಿದು, ನಮ್ಮಲ್ಲಿ ಪಂಪು ಖರೀದಿಸಿದ ಮಹನೀಯರು ದಯಮಾಡಿ ಬಂದು ತಮ್ಮ ಶುಭನಾಮವನ್ನು ದಯಪಾಲಿಸಬೇಕು ಎಂದು ಕೂಗಿದೆ. ಟೆಂಪೋ ಸುತ್ತ ಇದ್ದವರೂ ಮೆಲ್ಲಗೆ ಚದುರಿದರು. ಹೆಸರು ಕೇಳುತ್ತಾರೆ ಎಂದರೆ ಯಾವುದೋ ವಸೂಲಿ ಇರಬೇಕು. ಕೊನೆಗೆ ರುಮಾಲಿನ ಮುದುಕನೊಬ್ಬ ಮೆಣಸಿನಕಾಯಿ ಚೀಲ ಕೆಳಗಿಟ್ಟು ನಿಂತ.

"ಹೆಸರು ಹೇಳಿದ್ರೆ ನನಗೇನು ಕೊಡ್ತಿ?"

"ಕೊಡೋದೇನೈತೆ ಯಜಮಾನ್ರೇ? ಹೇಳಿದ್ರೂ ನಿಮ್ಮ ಹೆಸರು ನಿಮ್ಮ ಹತ್ರಾನೇ ಇರ್ತೈತೆ."

"ಹಂಗಾರೆ ಹೇಳದೇನೇ ಇರ್ಲಿ ಬಿಡು" ಎಂದು ಚೀಲ ಎತ್ತಿಕೊಂಡ.

ಗೌರಮ್ಮ ನನ್ನ ತೋಳು ತಿವಿದಳು. ಟೆಂಪೋದಲ್ಲಿ ಅಂಗಡಿಗೆಂದು ತರಿಸಿದ್ದ ವಾಷರಿನ ಎರಡು ಚೀಲ ಇದ್ದವು. ಒಂದು ವಾಷರ್ ತೆಗೆದು ಕೊಟ್ಟೆ. ಮುದುಕ ಹಿಗ್ಗಿಸಿ ನೋಡಿದ, ಮೂಸಿ ನೋಡಿದ.

"ಇಷ್ಟಕ್ಕೆ ಹೆಸರು ಹೇಳ್ತೀನಿ. ಅಪ್ಪನ ಹೆಸರು ಬೇಕಾದ್ರೆ ಇನ್ನೊಂದು."

"ಅಪ್ಪನ ಹೆಸರಿಲ್ದೆ ಆಗಲ್ಲ."

"ಗೊತ್ತು. ಅದಕ್ಕೇ ಕೇಳಿದ್ದು. ಊರಿನ ಹೆಸರಿಗೆ ಇನ್ನೊಂದು ಐತೆ ಮತ್ತೆ."

ಚೌಕಾಸಿ ಮಾಡಲು ನಾನು ಬಾಯಿ ತೆರೆದೆ. "ಕೊಡ್ರಿ ಸುಮ್ಮನೆ" ಎಂದಳು ಗೌರಮ್ಮ. ಜೀವನದಲ್ಲಿ ಮೊದಲ ಬಾರಿ ಕೇಳಿದ ಬೆಲೆಗೆ ವ್ಯಾಪಾರ ಮುಗಿಸಿದೆ.

ಮುದುಕ ಸಂತೆಯೊಳಗೆ ಹೋಗಿ ಏನು ಹೇಳಿದನೋ, ಅರ್ಧ ತಾಸಿನಲ್ಲಿ ಟೆಂಪೋ ಕಾಣದಷ್ಟು ಜನ. ಪಂಪು ಕೊಂಡವರು ಬಂದರು. ಕೊಳ್ಳಬೇಕೆಂದಿದ್ದವರು ಬಂದರು. ಬಾವಿಯೇ ಇಲ್ಲದವರೂ ಬಂದರು. ನ್ಯಾಮತಿ ಕಡೆಯವನೊಬ್ಬ ತನ್ನ ಮೂವರು ಅಳಿಯಂದಿರ ಹೆಸರನ್ನೂ ಹೇಳಿ ಕೈ ಚಾಚಿದ. "ನಿಮ್ಮ ಪಂಪು ನೀರಿಗಿಂತ ಸದ್ದೇ ಜಾಸ್ತಿ ಎತ್ತುತೈತಲ್ಲ ಸಾವ್ಕಾರ್ರೆ" ಎಂದೊಬ್ಬ ತರಾಟೆಗೆ ತೆಗೆದುಕೊಂಡ. ಗೌರಮ್ಮ ಅವನನ್ನು ಕೂರಿಸಿಕೊಂಡು, ವಾಲ್ವಿಗೆ ಕಸ ಸಿಕ್ಕಿರಬೇಕು ಎಂದು ಸಮಾಧಾನ ಹೇಳಿ, ಹೆಸರನ್ನೂ ಬರೆಸಿಕೊಂಡಳು. ಮೈಕಿನಲ್ಲಿ ನಾನು ಹೇಳುತ್ತಿದ್ದ ಪಂಪು ಬಳಕೆಯ ಸಲಹೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಚೀಲಗಳೆರಡೂ ಬರಿದಾದವು.

ಮನೆಗೆ ಬಂದು ಎರಡೂ ಮಿಷನ್ನನ್ನು ಅಕ್ಕಪಕ್ಕ ಇಟ್ಟರು. ಒಂದರ ಮುಂದೆ ಅಕ್ಕ, ಒಂದರ ಮುಂದೆ ತಮ್ಮ. ನಾನು ಗಟ್ಟಿಯಾಗಿ ಓದಬೇಕು, ಇಬ್ಬರೂ ಹೊಡೆಯಬೇಕು. ನಾನು ಹೊಸೆದ ತಂತಿ ಎಲ್ಲಿ ಎಂದು ಕೇಳಿದೆ. ಹಿತ್ತಲಲ್ಲಿ ಅದರ ಮೇಲೆ ನನ್ನದೇ ಪಂಚೆ ಒಣಗುತ್ತಿತ್ತು. ಹೀಗೆ ಫೈಲು ಕಾಪಿಯಾಗಲೇ ಇಲ್ಲ. ಅವಳಿಜವಳಿಯಾಗಿ ಹುಟ್ಟಿತು.

ಅಧಿಕಾರಿ ಜಗಳೂರಿಗೆ ಬಂದರು. ಚನ್ನಬಸುವಿನ ಕಂಪ್ಯೂಟರಿನ ಮುಂದೆ ಕೂತು ಹೆಸರುಗಳನ್ನು ಮೇಲಿಂದ ಕೆಳಗೆ ಓಡಿಸಿದರು. ಮುಖ ಅರಳಿತು.

"ನಾವು ಕಳಿಸಿದ ಪಂಪಿಗಿಂತ ಗಿರಾಕಿಗಳೇ ಜಾಸ್ತಿ ಇದ್ದಾರಲ್ರೀ?"

ವ್ಯಾಪಾರ ಹಾಗೆ ನಡೆಯುತ್ತದೆ ಸಾರ್ ಎನ್ನಲು ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆ ಪುಣ್ಯಾತ್ಮ ಚನ್ನಬಸು ಎಲ್ಲವನ್ನೂ ಹೇಳಿಬಿಟ್ಟ. ರೊಟ್ಟಿ, ಕತ್ತರಿ, ತಂತಿ, ಮೈಕು, ವಾಷರು. ಕೆಲವು ಹೆಸರಿನವರಿಗೆ ಬಾವಿಯೂ ಇಲ್ಲ ಸಾರ್, ವಿಚಾರಿಸಿ ತೆಗೆಯುತ್ತೇನೆ ಎಂದ. ಇವನ ಏಜೆನ್ಸಿ ಹೋಯಿತು, ಕೊಟ್ಟ ಬುದ್ಧಿಗೆ ನಾನೇ ಹೊಣೆ ಎಂದು ಕಣ್ಣು ಮುಚ್ಚಿಕೊಂಡೆ.

ಅಧಿಕಾರಿ ನಗುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಪಟ್ಟಿ ಏಜೆನ್ಸಿ ಕೇಳಿದ ಬೇರೆ ಅಂಗಡಿಯವರ ಹತ್ತಿರವೂ ಇದೆ. ಅದರಲ್ಲಿ ಯಾವ ಹೆಸರು ಸುಳ್ಳು ಅಂತ ತಾವೇ ಹೇಳುವವರು ಇಲ್ಲಿ ಮಾತ್ರ ಇದ್ದಾರೆ" ಎಂದರು. ಕಾಗದ ತೆಗೆದು ಏಜೆನ್ಸಿಯನ್ನು ಚನ್ನಬಸುವಿನ ಹೆಸರಿಗೆ ಬರೆದರು. ಸಹಿ ಹಾಕುವ ಮುಂಚೆ ಪೆನ್ನು ಎತ್ತಿ ಹಿಡಿದು ಕೇಳಿದರು. "ಈ ಮಿಷನ್ ಮುಟ್ಟುವವರು ಯಾರು ಯಾರು?"

"ಇಲ್ಲಿ ನಾನು ಸಾರ್. ಚನ್ನಗಿರಿಯಾಗೆ ನಮ್ಮಕ್ಕ."

"ಇವರು?" ಎಂದು ನನ್ನ ಕಡೆ ನೋಡಿದರು.

ಚನ್ನಬಸು ನನ್ನ ಮರ್ಯಾದೆ ಉಳಿಸಲು ಬಹಳ ಹೊತ್ತು ಯೋಚಿಸಿದ. "ಇವರು ಹಿರಿಯರು ಸಾರ್" ಎಂದ. ಅಧಿಕಾರಿ ನಿಶ್ಚಿಂತೆಯಿಂದ ಸಹಿ ಹಾಕಿದರು.

ಓದುವ ನಿಮಗೆ ನಾನು ಹೇಳುವುದಿಷ್ಟು. ಎರಡು ಮಿಷನ್ ಕೊಳ್ಳುವುದಾದರೆ ಮೊದಲು ಕಿಂಡಿ ಅಳೆಯಿರಿ. ಮಾರುವವನು ಪ್ರಶ್ನೆ ಕೇಳಿದರೆ ಬೆಲೆ ಏರಿಸುತ್ತಿದ್ದಾನೆ ಎಂದುಕೊಳ್ಳಬೇಡಿ, ಕೆಲವೊಮ್ಮೆ ಪಾಪ, ನಮ್ಮ ಒಳ್ಳೆಯದಕ್ಕೇ ಕೇಳಿರುತ್ತಾನೆ. ಅಸಲಿ ಕಾಗದವನ್ನು ಎಷ್ಟೇ ಒಳ್ಳೆಯ ರೇಟು ಬಂದರೂ ಮಂಡಕ್ಕಿಗೆ ಹಾಕಬೇಡಿ. ಇದೇ ಹೆಸರಿನದು ಮೊದಲೇ ಇದೆ ಎಂದು ಮಿಷನ್ ಹೇಳಿದರೆ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮನೆಯವರನ್ನು ಕೂಗಿ. ಇನ್ನೂ ಹೆಚ್ಚಿನ ಸಲಹೆ ಬೇಕಾದವರು ಅಂಗಡಿಗೆ ಬರಬಹುದು. ಕಂಪ್ಯೂಟರ್ ಒಳಕೋಣೆಯಲ್ಲಿದೆ. ಅಲ್ಲಿಗೆ ನನ್ನನ್ನು ಬಿಡುವುದಿಲ್ಲ. ಹೊರಗೆ ಜಗಲಿಯ ಮೇಲೆ ಸಿಗುತ್ತೇನೆ.